ವಸತಿ ವಲಯದ ಮನೆಯಲ್ಲಿ ಹೊಲಿಗೆ ಕೆಲಸ: ಲೈಸೆನ್ಸ್ ಒಂದಿದ್ದರೆ ಸಾಕಾ?

ನೀವು ಕೇಳಿದ್ದು ಇಷ್ಟು: ಮನೆಯ ಒಂದು ಕೋಣೆಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದೀರಿ. ಈಗ ಇಬ್ಬರನ್ನು ಕೆಲಸಕ್ಕೆ ಇಟ್ಟುಕೊಂಡು, ಸಂಜೆ ಹೊತ್ತು ಹೊಲಿಗೆ ಕ್ಲಾಸನ್ನೂ ಶುರು ಮಾಡಬೇಕು ಅಂತಿದ್ದೀರಿ. ವ್ಯಾಪಾರದ ಲೈಸೆನ್ಸ್ ತೆಗೆದುಕೊಂಡರೆ ಸಾಕಾ, ಝೋನಿಂಗ್ (ಊರಿನ ಯಾವ ಭಾಗದಲ್ಲಿ ಯಾವ ಕೆಲಸ ನಡೆಯಬಹುದು ಅನ್ನುವ ವಲಯದ ನಿಯಮ) ಅಂತ ಬೇರೆ ನೋಡಬೇಕಾ?

ನೋಡಲೇಬೇಕು. ನಾನು ಕಟ್ಟಡ ನಕ್ಷೆ, ಭೂ ಬಳಕೆಯ ಅರ್ಜಿಗಳನ್ನು ತಯಾರು ಮಾಡಿಕೊಡುವ ಕೆಲಸದಲ್ಲಿದ್ದೇನೆ. ಮನೆಯಿಂದ ವ್ಯಾಪಾರ ಮಾಡುವವರು ಜಾಸ್ತಿ ಎಡವುವುದು ಇಲ್ಲೇ. ನೀವು ಈ ವ್ಯಾಪಾರ ಮಾಡಬಹುದು ಎಂದು ಹೇಳುವುದು ಲೈಸೆನ್ಸ್. ಈ ಜಾಗದಲ್ಲಿ ಆ ಕೆಲಸ ನಡೆಯಬಹುದು ಎಂದು ಹೇಳುವುದು ವಲಯದ ನಿಯಮ. ಕೆಲವು ಕಡೆ ಲೈಸೆನ್ಸ್ ಕೊಡುವವರೇ ವಲಯ ನೋಡಿ ಕೊಡುತ್ತಾರೆ. ಇನ್ನು ಕೆಲವು ಕಡೆ ಶುಲ್ಕ ಕಟ್ಟಿಸಿಕೊಂಡು ಸುಮ್ನೆ ಕೊಟ್ಟುಬಿಡುತ್ತಾರೆ, ಆಮೇಲೆ ಇನ್ನೊಂದು ವಿಭಾಗದಿಂದ ನೋಟಿಸ್ ಬರುತ್ತದೆ. ಹಾಗಾಗಿ ಮೊದಲು ಜಾಗದ ವಿಷಯ ಇತ್ಯರ್ಥ ಮಾಡಿಕೊಳ್ಳಿ, ಲೈಸೆನ್ಸ್ ಆಮೇಲೆ.

ಈ ನಿಯಮ ಯಾಕೆ ಬಂತು ಅಂತ ಗೊತ್ತಿದ್ದರೆ ಅಧಿಕಾರಿಯ ಪ್ರಶ್ನೆಗಳು ಅರ್ಥವಾಗುತ್ತವೆ. 1916ರಲ್ಲಿ ನ್ಯೂಯಾರ್ಕ್ ಇಡೀ ನಗರಕ್ಕೆ ಅನ್ವಯಿಸುವ ಝೋನಿಂಗ್ ಕಾನೂನು ತಂದಿತು. ಹತ್ತು ವರ್ಷದ ನಂತರ, 1926ರಲ್ಲಿ, ಯೂಕ್ಲಿಡ್ ಎಂಬ ಊರಿನ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇಂಥ ಕಾನೂನನ್ನು ಎತ್ತಿಹಿಡಿಯಿತು. ಆ ತೀರ್ಪಿನಲ್ಲೊಂದು ಮಾತಿದೆ: ಸರಿಯಾದ ವಸ್ತುವೇ ತಪ್ಪು ಜಾಗದಲ್ಲಿದ್ದರೆ ಉಪದ್ರವವಾಗಬಹುದು, ಕೊಟ್ಟಿಗೆಯಲ್ಲಿರಬೇಕಾದ ಹಂದಿ ಪಡಸಾಲೆಗೆ ಬಂದ ಹಾಗೆ. ನ್ಯಾಯಾಧೀಶರ ಬಾಯಲ್ಲಿ ಹಂದಿ! ಆದರೂ ವಿಷಯ ಅದೇ. ನಿಮ್ಮ ಹೊಲಿಗೆಯಲ್ಲಿ ಯಾರಿಗೂ ತಕರಾರಿಲ್ಲ. ಅದು ಗೋಡೆ ದಾಟಿ ಬೀದಿಗೆ ಎಷ್ಟು ಬರುತ್ತದೆ ಅನ್ನುವುದೇ ಪ್ರಶ್ನೆ.

ಬೇರೆ ಬೇರೆ ದೇಶದ ನಿಯಮ ತೆಗೆದು ನೋಡಿದರೂ ಇದೇ ಕಾಣುತ್ತದೆ. ಇಂಗ್ಲೆಂಡಿನಲ್ಲಿ ಕೇಳುವುದು ಹೀಗೆ: ಇದು ಇನ್ನೂ ಮುಖ್ಯವಾಗಿ ವಾಸದ ಮನೆಯಾಗಿಯೇ ಉಳಿಯುತ್ತದಾ, ಬಂದುಹೋಗುವ ಜನ ಮತ್ತು ವಾಹನ ಎದ್ದು ಕಾಣುವಷ್ಟು ಹೆಚ್ಚುತ್ತದಾ, ವಸತಿ ಬೀದಿಗೆ ಹೊಂದದ ಕೆಲಸವಾ, ಸದ್ದು ಅಥವಾ ವಾಸನೆಯಿಂದ ಅಕ್ಕಪಕ್ಕದವರಿಗೆ ತೊಂದರೆಯಾಗುತ್ತದಾ. ಸಿಂಗಾಪುರದ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ ಸಣ್ಣ ಗೃಹ ವ್ಯಾಪಾರ ಮಾಡಬಹುದು. ಆದರೆ ಆ ಮನೆಯಲ್ಲಿ ವಾಸವಿಲ್ಲದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ, ಹೊರಗೆ ಬೋರ್ಡ್ ಹಾಕುವಂತಿಲ್ಲ. ಜಪಾನ್ ನೇರವಾಗಿ ಅಳತೆಗೇ ಬರುತ್ತದೆ. ಕಡಿಮೆ ಎತ್ತರದ ಮನೆಗಳಿಗೆ ಮೀಸಲಾದ ವಲಯದಲ್ಲೂ ಮನೆಯೊಳಗೆ ಅಂಗಡಿ ಇರಬಹುದು, ಆದರೆ ವ್ಯಾಪಾರದ ಜಾಗ 50 ಚದರ ಮೀಟರ್ ದಾಟಬಾರದು, ಮನೆಯ ಕನಿಷ್ಠ ಅರ್ಧ ಭಾಗ ವಾಸಕ್ಕೇ ಇರಬೇಕು. ಬಟ್ಟೆ ಅಂಗಡಿ, ಸೈಕಲ್ ಅಂಗಡಿಯಂಥ ಕಡೆ ಮೋಟಾರ್ ಬಳಸಿದರೆ ಒಟ್ಟು 0.75 ಕಿಲೋವಾಟ್ ಮೀರಬಾರದು. ನನಗೆ ಈ ಬಗೆಯ ನಿಯಮವೇ ಇಷ್ಟ. ಅಧಿಕಾರಿಯ ಮರ್ಜಿಗೆ ಕಾಯುವ ಬದಲು ಟೇಪ್ ಹಿಡಿದು ನೀವೇ ಅಳೆದು ನೋಡಬಹುದು.

ನಿಮ್ಮ ಕೆಲಸವನ್ನು ಹೀಗೆ ಬಿಡಿಸಿ ನೋಡೋಣ. ನೀವೊಬ್ಬರೇ ಕೂತು ಹೊಲಿಯುವುದು ಬಹಳ ಕಡೆ ಲೆಕ್ಕಕ್ಕೇ ಬರುವುದಿಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಹೊರಗಿನಿಂದ ಇಬ್ಬರು ಕೆಲಸಕ್ಕೆ ಬಂದರೆ ವಿಷಯ ಬೇರೆ. ಕೆಲವು ನಿಯಮ ಒಬ್ಬರಿಗೆ ಒಪ್ಪುತ್ತದೆ, ಕೆಲವು ಯಾರಿಗೂ ಒಪ್ಪುವುದಿಲ್ಲ. ಸದ್ದಿನ ವಿಷಯಕ್ಕೆ ಬಂದರೆ ಅವರು ಕೂರುವುದು ದೊಡ್ಡ ಮಾತಲ್ಲ, ಯಂತ್ರದ ಕಡೆ ಗಮನ ಕೊಡಿ. ಹಳೆಯ ಕ್ಲಚ್ ಮೋಟಾರ್ ಸ್ವಿಚ್ ಹಾಕಿದಾಗಿನಿಂದ ಗುಂಯ್ ಅನ್ನುತ್ತಲೇ ಇರುತ್ತದೆ. ಸರ್ವೋ ಮೋಟಾರ್ ಪೆಡಲ್ ತುಳಿದಾಗ ಮಾತ್ರ ಓಡುತ್ತದೆ. ಕೆಳಗೆ ಇನ್ನೊಂದು ಮನೆಯಿದ್ದರೆ ಮೋಟಾರ್ ಬದಲಾಯಿಸಿ, ಟೇಬಲ್ ಕಾಲಿನ ಕೆಳಗೆ ದಪ್ಪ ರಬ್ಬರ್ ಹಾಕಿಸಿ. ಅರ್ಜಿಯಲ್ಲಿ ಬರೆಯುವುದಕ್ಕೂ ಅದು ಒಳ್ಳೆಯ ಸಾಲಾಗುತ್ತದೆ.

ನಿಜವಾದ ತೊಡಕು ಕ್ಲಾಸು. ಒಂದೇ ಹೊತ್ತಿಗೆ ಹತ್ತು ಜನ ಬರುತ್ತಾರೆ, ಗಾಡಿ ನಿಲ್ಲಿಸುತ್ತಾರೆ, ಮುಗಿದ ಮೇಲೆ ಗೇಟಿನ ಹತ್ತಿರ ಮಾತಾಡುತ್ತಾ ನಿಲ್ಲುತ್ತಾರೆ. ಪಕ್ಕದ ಮನೆಯವರು ದೂರು ಕೊಡುವುದು ಹೊಲಿಗೆಗಲ್ಲ, ಅವರ ಗೇಟಿಗೆ ಅಡ್ಡ ನಿಂತ ಸ್ಕೂಟರಿಗೆ. ಅದಕ್ಕೆ ಬ್ಯಾಚ್ ಚಿಕ್ಕದಿರಲಿ. ಒಂದು ಬ್ಯಾಚ್ ಹೋಗುವುದಕ್ಕೂ ಇನ್ನೊಂದು ಬರುವುದಕ್ಕೂ ನಡುವೆ ಸಾಕಷ್ಟು ಸಮಯ ಬಿಡಿ. ಗಾಡಿ ಎಲ್ಲಿ ನಿಲ್ಲುತ್ತದೆ ಅನ್ನುವುದಕ್ಕೆ ನಿಮ್ಮ ಹತ್ತಿರ ಉತ್ತರ ಇರಬೇಕು, ಯಾಕೆಂದರೆ ಕಚೇರಿಯಲ್ಲಿ ಮೊದಲು ಕೇಳುವುದೇ ಅದನ್ನು.

ಈಗ ನಿಯಮ ಹುಡುಕುವ ದಾರಿ. ವಲಯ ನಕ್ಷೆಯಲ್ಲಿ ನಿಮ್ಮ ನಿವೇಶನ ಯಾವ ವಲಯದಲ್ಲಿದೆ ನೋಡಿ. ಆ ವಲಯದ ಭೂ ಬಳಕೆ ಪಟ್ಟಿ ಓದಿ. ಆಮೇಲೆ ಎಲ್ಲರೂ ಬಿಟ್ಟುಬಿಡುವ ವ್ಯಾಖ್ಯೆಗಳ ಪುಟ ತೆಗೆಯಿರಿ. ಗೃಹ ಉದ್ಯೋಗ ಅಂದರೇನು, ಎಷ್ಟು ಜಾಗ, ಎಷ್ಟು ಜನ ಅನ್ನುವುದೆಲ್ಲ ಸಾಮಾನ್ಯವಾಗಿ ಅಲ್ಲೇ ಅಡಗಿರುತ್ತದೆ. ಅವಕಾಶವೇ ಇಲ್ಲ ಅನ್ನದಿದ್ದರೆ, ಸಿಗುವ ಉತ್ತರ ಸಾಮಾನ್ಯವಾಗಿ ಮೂರರಲ್ಲಿ ಒಂದಾಗಿರುತ್ತದೆ: ಅನುಮತಿಯೇ ಬೇಡ, ಚಿಕ್ಕದೊಂದು ಪರ್ಮಿಟ್ ಬೇಕು, ಇಲ್ಲವೇ ಅಕ್ಕಪಕ್ಕದವರಿಗೆ ತಿಳಿಸಿ ಅವರ ಆಕ್ಷೇಪಣೆ ಕೇಳಿದ ಮೇಲಷ್ಟೇ ಷರತ್ತಿನ ಒಪ್ಪಿಗೆ. ಮೂರನೆಯದಾದರೆ ನೋಟಿಸ್ ಹೋಗುವ ಮುಂಚೆ ನೀವೇ ಪಕ್ಕದ ಮನೆಯವರ ಹತ್ತಿರ ಹೋಗಿ ಮಾತಾಡಿ. ಅದರಿಂದ ಆಗುವ ಕೆಲಸದ ಅರ್ಧವೂ ಯಾವ ಕಾಗದದಿಂದಲೂ ಆಗುವುದಿಲ್ಲ.

ಕಚೇರಿಗೆ ಹೋದಾಗ "ಟೈಲರಿಂಗ್ ಯುನಿಟ್ ಹಾಕಬಹುದಾ" ಅಂತ ಕೇಳಬೇಡಿ. ಯುನಿಟ್ ಅಂದ ತಕ್ಷಣ ಎದುರಿಗಿರುವವರಿಗೆ ಕಾರ್ಖಾನೆ ಕಾಣುತ್ತದೆ. ಎಷ್ಟು ಚದರ ಅಡಿ, ಎಷ್ಟು ಯಂತ್ರ, ಹೊರಗಿನವರು ಎಷ್ಟು ಜನ, ಯಾವ ಹೊತ್ತು, ಗಾಡಿ ಎಲ್ಲಿ, ಬೋರ್ಡ್ ಇದೆಯಾ ಇಲ್ಲವಾ, ಇಷ್ಟನ್ನು ಇರುವ ಹಾಗೆ ಒಂದು ಹಾಳೆಯಲ್ಲಿ ಬರೆದುಕೊಡಿ. ಉತ್ತರವನ್ನೂ ಬರಹದಲ್ಲೇ ಕೇಳಿ, ಸ್ವೀಕೃತಿ ಇಟ್ಟುಕೊಳ್ಳಿ. ಕೌಂಟರಿನಲ್ಲಿ ಬಾಯಿಮಾತಲ್ಲಿ ಆಗಬಹುದು ಅಂದವರು ನಾಳೆ ವರ್ಗವಾಗಿ ಹೋಗಿರುತ್ತಾರೆ.

"ಸುಮ್ನೆ ಶುರು ಮಾಡಿ, ಯಾರೂ ಕೇಳಲ್ಲ" ಅಂತ ನಿಮಗೆ ಎಷ್ಟೋ ಜನ ಹೇಳಿರಬೇಕು, ಅಲ್ವಾ? ಅರ್ಧ ನಿಜ. ತಪಾಸಣೆ ಬಹುಮಟ್ಟಿಗೆ ದೂರಿನಿಂದಲೇ ಶುರುವಾಗುತ್ತದೆ. ಆದರೆ ಅದರ ಅರ್ಥ, ಯಂತ್ರಕ್ಕೆ, ಆಳಿಗೆ ದುಡ್ಡು ಹಾಕಿಯಾದ ಮೇಲೆ ನಿಮ್ಮ ವ್ಯಾಪಾರ ಪಕ್ಕದ ಮನೆಯವರ ಮೂಡ್ ಮೇಲೆ ನಿಂತಿರುತ್ತದೆ.

ಸರ್ಕಾರ ಒಪ್ಪಿದರೂ ಬಾಡಿಗೆ ಕರಾರು, ಅಪಾರ್ಟ್‌ಮೆಂಟ್ ಸಂಘದ ನಿಯಮ ಅಡ್ಡ ಬರಬಹುದು, ಅವನ್ನೂ ಓದಿ. ವಿಮೆಯನ್ನು ಮರೆಯಬೇಡಿ. ಮನೆಯ ವಿಮೆ ಬಹಳ ಸಲ ವ್ಯಾಪಾರದ ಸಾಮಾನಿಗೆ ಅನ್ವಯಿಸುವುದಿಲ್ಲ, ಮತ್ತು ಕೋಣೆ ತುಂಬ ಬಟ್ಟೆ, ಪಕ್ಕದಲ್ಲೇ ಇಸ್ತ್ರಿ ಪೆಟ್ಟಿಗೆ ಇರುವ ಜಾಗ ನಿಮ್ಮದು. ವಿದ್ಯುತ್ ಸಂಪರ್ಕ, ತೆರಿಗೆ ನೋಂದಣಿಗಳನ್ನು ಇದರ ಜೊತೆಗೇ ವಿಚಾರಿಸಿಬಿಡಿ. ಅಡುಗೆ, ಮಕ್ಕಳ ಆರೈಕೆ, ಬ್ಯೂಟಿ ಪಾರ್ಲರ್ ಆಗಿದ್ದರೆ ಆರೋಗ್ಯ ವಿಭಾಗದಂಥ ಕಡೆಯಿಂದ ಅನುಮತಿ ಬೇರೆ ಬೇಕಾಗಬಹುದಿತ್ತು. ನಿಮಗೆ ಆ ತಲೆನೋವಿಲ್ಲ.

ಕ್ಲಾಸಿಗೆ ಒಪ್ಪಿಗೆ ಸಿಗದಿದ್ದರೆ ಇಡೀ ಯೋಜನೆ ಕೈಬಿಡಬೇಡಿ. ಹೊಲಿಗೆ ಮನೆಯಲ್ಲೇ ಇರಲಿ, ಕ್ಲಾಸಿಗೆ ವಾಣಿಜ್ಯ ವಲಯದಲ್ಲಿ ಗಂಟೆ ಲೆಕ್ಕದಲ್ಲಿ ಸಿಗುವ ಕೋಣೆ ಹಿಡಿಯಿರಿ. ನಾನಾದರೆ ಎರಡನ್ನೂ ಒಂದೇ ಅರ್ಜಿಯಲ್ಲಿ ಸೇರಿಸುತ್ತಲೇ ಇರಲಿಲ್ಲ. ಕ್ಲಾಸಿಗೆ ಬೇಡ ಅಂದರೆ ಹೊಲಿಗೆಯ ಅರ್ಜಿಯೂ ಅದರ ಜೊತೆಗೇ ಬಿದ್ದುಹೋಗುತ್ತದೆ.