ಫಾವ್ರ್ ಲ್ಯೂಬಾ ಬಿವುವ್ಯಾಕ್ ವಾಚು ಕೊಡಚಾದ್ರಿ ಹತ್ತುವಾಗ ಎತ್ತರ ಸರಿಯಾಗಿ ತೋರಿಸುತ್ತದೆಯೇ?

ತೋರಿಸುತ್ತದೆ, ಆದರೆ ಹೊಂದಿಸಿಕೊಳ್ಳಬೇಕು. 1737ರ ಈ ಸ್ವಿಸ್ ಕಂಪನಿಯನ್ನು 2011ರಲ್ಲಿ ಟೈಟಾನ್ ಕೊಂಡು, 1962ರ ಬಿವುವ್ಯಾಕನ್ನು ಬಿವುವ್ಯಾಕ್ 9000 ಆಗಿ ಮತ್ತೆ ತಂದಿತು. ಒಳಗಿರುವುದು ಗಾಳಿ ತೆಗೆದು ಮುಚ್ಚಿದ ತೆಳು ಲೋಹದ ಡಬ್ಬಿ. ಮೇಲೇರಿದಂತೆ ಗಾಳಿಯ ಒತ್ತಡ ಇಳಿದು ಡಬ್ಬಿ ಉಬ್ಬುತ್ತದೆ, ಮುಳ್ಳು ತಿರುಗುತ್ತದೆ. ಅಳೆಯುವುದು ಒತ್ತಡವನ್ನು, ಎತ್ತರವನ್ನಲ್ಲ, ಎಡವಟ್ಟಾಗುವುದು ಇಲ್ಲೇ. ನಮ್ಮ ಕಡೆ ಬೆಳಿಗ್ಗೆ 10ರಿಂದ ಸಂಜೆ 4ರೊಳಗೆ ಒತ್ತಡ ತಾನಾಗಿಯೇ ಸುಮಾರು 3 ಹೆಕ್ಟೋಪ್ಯಾಸ್ಕಲ್ (ಒತ್ತಡ ಅಳೆಯುವ ಮಾನ) ಇಳಿಯುತ್ತದೆ. ಒಂದಕ್ಕೆ 9 ಮೀಟರ್‌ನಂತೆ, ನಿಂತಲ್ಲೇ ಇಪ್ಪತ್ತೇಳು ಮೀಟರ್ ಹತ್ತಿದ ಹಾಗೆ! ಮಳೆಗಾಲದ ವಾಯುಭಾರ ಕುಸಿತದಲ್ಲಿ ಇನ್ನೂ ಹೆಚ್ಚು. ಅದಕ್ಕೇ ಹೊರಡುವಾಗಲೇ ಹೊಂದಿಸಿಕೊಳ್ಳಿ: ಶಿವಮೊಗ್ಗ ರೈಲು ನಿಲ್ದಾಣದ ಹಳದಿ ಬೋರ್ಡಿನಲ್ಲಿ ಸಮುದ್ರ ಮಟ್ಟದಿಂದ ಎತ್ತರ ಬರೆದಿರುತ್ತದೆ. ಗಾಜಿನ ಸುತ್ತಲಿನ ಬಳೆ ತಿರುಗಿಸಿ ಮುಳ್ಳಿನೆದುರು ಆ ಅಂಕಿ ತನ್ನಿ. ತುದಿಯಲ್ಲಿ 1343 ಮೀಟರ್‌ಗೆ ಮತ್ತೆ ಹೊಂದಿಸಿ.