ಮದರಸಾದ ಇನ್ನೊಂದು ಮಿನಾರು ಎಲ್ಲಿ?

ನಮಸ್ಕಾರ ಸರ್. ಬೀದರ್ ಊರ ನಡುವಿನ ಗೋಪುರ ಚೌಬಾರಾದಿಂದ ಕೋಟೆಗೆ ಹೋಗುವಾಗ ಎಡಕ್ಕೆ ಕಾಣುವ ಗವಾನ್ ಮದರಸಾಕ್ಕೆ ಒಂದೇ ಮಿನಾರು ಯಾಕೆ ಅಂತ ಕೇಳಿದ್ದೀರಿ. ಮೊದಲು ಎರಡಿದ್ದವು. ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಇದನ್ನು ಕಟ್ಟಿಸಿದ. ಮೂರು ಅಂತಸ್ತು, ಓದುವವರಿಗೆ ಕೋಣೆಗಳು, ದೊಡ್ಡ ಗ್ರಂಥಾಲಯ.

1657ರಲ್ಲಿ ಔರಂಗಜೇಬ್ ಬೀದರ್ ಗೆದ್ದ ಮೇಲೆ ಇಲ್ಲಿ ಸೈನಿಕರು ಸೇರಿಕೊಂಡರು, ಮದ್ದುಗುಂಡು ಇಟ್ಟರು. 1696ರ ಸುಮಾರಿಗೆ ಆ ಮದ್ದು ಸಿಡಿಯಿತು. ದಕ್ಷಿಣದ ಮಿನಾರು, ಮುಂಬಾಗಿಲು, ಮುಂಭಾಗದ ಅರ್ಧದಷ್ಟು ಗೋಡೆ ಎಲ್ಲಾ ಹೋದವು. ಪುಸ್ತಕ ಇಡುವ ಮನೆಯಲ್ಲಿ ಮದ್ದು ಇಟ್ಟರಲ್ಲ, ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹೋದದ್ದು ಹೇಗಿತ್ತು ಅಂತ ತಿಳಿಯಬೇಕಾ? ಉಳಿದ ಉತ್ತರದ ಮಿನಾರಿನ ಹತ್ತಿರ ಬೆಳಿಗ್ಗೆ ನಿಂತು ನೋಡಿ. ಕಟ್ಟಡದ ಮುಖ ಪೂರ್ವಕ್ಕಿದೆ, ಆಗ ಬಿಸಿಲು ನೇರ ಬೀಳುತ್ತದೆ. ನೀಲಿ, ಹಸಿರು, ಬಿಳಿ ಹೆಂಚಿನ ಚೂರುಗಳು ಇನ್ನೂ ಅಂಟಿಕೊಂಡಿವೆ. ಇಡೀ ಮುಂಭಾಗ ಹಾಗೇ ಹೊಳೆಯುತ್ತಿತ್ತು ಅಲ್ವಾ!

ಹಾಗೇ ಕೋಟೆ ಕಡೆ ನಡೆದರೆ ತಖ್ತ್-ಎ-ಕಿರ್ಮಾನಿ ಅನ್ನೋ ಹಳೆಯ ಕಮಾನು ಬಾಗಿಲಿನ ಕಟ್ಟಡ ಸಿಗುತ್ತದೆ. ಅದರ ಕಮಾನಿನ ಗಾರೆ ಕೆಲಸವನ್ನು ಜನ ಸುಮ್ನೆ ದಾಟಿ ಹೋಗುತ್ತಾರೆ. ನೀವು ನಿಂತು ನೋಡಿ.