ಕೆಟ್ಟದ್ದು ಇರಲಿ, ಕೆಟ್ಟ ಕುಲ ಬೇಡ

ಮೂಡಿಗೆರೆ ತಾಲ್ಲೂಕಿನ ಶಿಕ್ಷಕಿಯೊಬ್ಬರು ಒಂದು ಕಲ್ಪನಾ ಲೋಕದ ಕಾದಂಬರಿ ಬರೆಯುತ್ತಿದ್ದಾರೆ. ಮೊದಲ ಮೂರು ಅಧ್ಯಾಯ ಕಳಿಸಿ ಹೀಗೆ ಕೇಳಿದ್ದಾರೆ: "ನನ್ನ ಲೋಕದಲ್ಲಿ ಗುಡ್ಡದ ಮೇಲಿರುವವರು ದೀಪದವರು. ಹಳ್ಳದಾಚೆ ಕಾಡಿನಲ್ಲಿರುವವರು ಕತ್ತಲವರು, ಹುಟ್ಟಿನಿಂದಲೇ ಕೆಟ್ಟವರು. ಪೂರ್ತಿ ಕೆಟ್ಟವರು ಅಂತ ಯಾರೂ ಇರಲ್ಲ, ಎಲ್ಲರಲ್ಲೂ ಸ್ವಲ್ಪ ಸ್ವಲ್ಪ ಒಳ್ಳೇದು ಸೇರಿಸು ಅಂತ ನನ್ನ ಗೆಳತಿ ಹೇಳುತ್ತಾಳೆ. ಹಾಗೆ ಮಾಡಿದರೆ ಕಥೆ ಸಪ್ಪೆ ಆಗುವುದಿಲ್ಲವೇ?"

ಮೇಡಂ,

ನೀವು ಕಳಿಸಿದ್ದನ್ನು ಎರಡು ಸಲ ಓದಿದೆ. ನಿಮ್ಮ ಗೆಳತಿಯ ಮಾತು ಕೇಳಬೇಡಿ. ಆದರೆ ನೀವು ಹಿಡಿದಿರುವ ದಾರಿಯೂ ನನಗೆ ಸರಿ ಕಾಣುತ್ತಿಲ್ಲ.

ಮೊದಲು ಇಷ್ಟವಾದದ್ದನ್ನು ಹೇಳಿಬಿಡುತ್ತೇನೆ. ನಿಮ್ಮ ದೀಪದವರು ಹೊತ್ತು ಮುಳುಗಿದ ಮೇಲೆ ಯಾರಿಗೂ ಬೆಂಕಿ ಕೊಡುವುದಿಲ್ಲ. ಕತ್ತಲವರ ಹೆಸರು ಎತ್ತುವುದಿಲ್ಲ, "ಆಚೆಯವರು" ಅನ್ನುತ್ತಾರೆ. ಇದನ್ನು ಓದುವಾಗ ನನ್ನ ಅಜ್ಜಿ ಕಣ್ಣ ಮುಂದೆ ಬಂದರು. ಸಂಜೆ ದೀಪ ಹಚ್ಚಿದ ಮೇಲೆ ಪಕ್ಕದ ಮನೆಯವರು ಉಪ್ಪು ಕೇಳಿದರೂ ಕೊಡುತ್ತಿರಲಿಲ್ಲ. ರಾತ್ರಿ ಹಾವು ಅನ್ನುವಂತಿಲ್ಲ, ಹುಳ ಅನ್ನಬೇಕು. ಒಂದು ಜನ ಯಾವುದನ್ನು ಕೆಟ್ಟದ್ದು ಅಂತ ನಂಬಿದ್ದಾರೆ ಅನ್ನುವುದು ಗೊತ್ತಾಗುವುದು ಇಂಥದ್ದರಲ್ಲೇ. ಮೊದಲ ಅಧ್ಯಾಯದಲ್ಲಿ ಎರಡು ದೇವರು ಜಗಳವಾಡಿ ಲೋಕ ಎರಡಾದ ಕಥೆಯನ್ನು ಆರು ಪುಟ ಬರೆದಿದ್ದೀರಲ್ಲ, ಅದನ್ನು ತೆಗೆದುಬಿಡಿ. ಬೆಂಕಿ ಕೊಡದ ಆ ಒಬ್ಬ ಹೆಂಗಸು ಸಾಕು.

ಇನ್ನು ಮೂರನೇ ಅಧ್ಯಾಯ. ದೀಪದವರ ಹುಡುಗ ಹಂದಿಗೆ ಒಡ್ಡಿದ ಉರುಳಿನಲ್ಲಿ ಕತ್ತಲವರ ಮಗುವೊಂದು ಸಿಕ್ಕಿಬೀಳುತ್ತದೆ. ಹುಡುಗ ಅದನ್ನು ಕೊಲ್ಲುತ್ತಾನೆ. ಊರು ಹಬ್ಬ ಮಾಡುತ್ತದೆ. ನೀವೂ ಹಬ್ಬದ ಜೊತೆಗೇ ಹೋಗಿಬಿಟ್ಟಿದ್ದೀರಿ. ಆದರೆ ಆ ಮಗು ಬೀಳುವಾಗ ಅದರ ಸೊಂಟದಿಂದ ಬಾಳೆಲೆಯಲ್ಲಿ ಕಟ್ಟಿದ ಒಂದು ಅಕ್ಕಿರೊಟ್ಟಿ ಜಾರಿ ಬಿತ್ತು ಅಂತ ನೀವೇ ಬರೆದಿದ್ದೀರಿ. ನಾನು ಅಲ್ಲೇ ನಿಂತೆ. ಆ ರೊಟ್ಟಿ ತಟ್ಟಿದವರು ಯಾರು? ಎಲೆ ಬಾಡಿಸಿ ಕಟ್ಟಿಕೊಟ್ಟವರು ಯಾರು? ಹುಟ್ಟಿನಿಂದಲೇ ಕೆಟ್ಟವರು ಅಂತ ನೀವು ಹೇಳುವ ಜನರಲ್ಲೂ ಮಗುವಿಗೆ ಹಸಿವಾದೀತು ಅಂತ ಬುತ್ತಿ ಕಟ್ಟುವವರು ಇದ್ದಾರೆ, ಅಲ್ವಾ?

ಇದು ನಿಮ್ಮೊಬ್ಬರ ತೊಡಕಲ್ಲ. ಇಂಗ್ಲಿಷಿನಲ್ಲಿ ಇಂಥ ಲೋಕ ಕಟ್ಟಿ ಹೆಸರಾದ ಟೋಲ್ಕಿನ್ ಅವರನ್ನೂ ಇದು ಕಾಡಿತ್ತು. ಅವರ ಲೋಕದಲ್ಲಿ ಕೆಟ್ಟ ಶಕ್ತಿಗೆ ಜೀವ ಹುಟ್ಟಿಸಲು ಬರುವುದಿಲ್ಲ, ಇದ್ದದ್ದನ್ನು ಕೆಡಿಸಲು ಮಾತ್ರ ಬರುತ್ತದೆ. ಹಾಗಾದರೆ ಆ ಕೆಟ್ಟ ಶಕ್ತಿಯ ಪರ ಕಾದುವ ಓರ್ಕ್ ಎಂಬ ಕ್ರೂರ ಸೈನಿಕರು ಎಲ್ಲಿಂದ ಬಂದರು? ಒಮ್ಮೆ ಒಂದು ಉತ್ತರ ಬರೆದರು, ಇನ್ನೊಮ್ಮೆ ಬೇರೆ ಬರೆದರು. 1973ರಲ್ಲಿ ತೀರಿಕೊಳ್ಳುವವರೆಗೂ ಅದು ಇತ್ಯರ್ಥ ಆಗಲಿಲ್ಲ.

ನಮ್ಮಲ್ಲಿ ಈ ಗಂಟನ್ನು ಬಹಳ ಹಿಂದೆಯೇ ಬಿಚ್ಚಿದವರಿದ್ದಾರೆ. ಹಳೇಬೀಡಿಗೆ ಹೋದಾಗ ಕೈಲಾಸ ಎತ್ತುವ ರಾವಣನ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಮೇಲೆ ಶಿವ ಪಾರ್ವತಿ, ನಡುವೆ ಬೆಟ್ಟದ ಜೀವಗಳು, ಕೆಳಗೆ ಇಡೀ ಭಾರ ಹೊತ್ತ ರಾವಣ. ಶಿವನ ಮೇಲೆ ಉಳಿ ಎಷ್ಟು ಅಕ್ಕರೆಯಿಂದ ಓಡಿದೆಯೋ ರಾವಣನ ಮೇಲೂ ಅಷ್ಟೇ ಅಕ್ಕರೆಯಿಂದ ಓಡಿದೆ. ಹೆಚ್ಚು ಕಡಿಮೆ ಅದೇ ಕಾಲದ ಕವಿ ನಾಗಚಂದ್ರ ಬರೆದದ್ದು ಜೈನರ ರಾಮಾಯಣ. ಅದರಲ್ಲಿ ರಾಕ್ಷಸ ಅನ್ನುವುದು ಒಂದು ವಂಶದ ಹೆಸರು ಅಷ್ಟೇ. ಅವರೂ ವಿದ್ಯಾಧರರು, ಅಂದರೆ ಮಂತ್ರವಿದ್ಯೆ ಬಲ್ಲ ಮನುಷ್ಯರು. ರಾವಣ ಸೀತೆಯನ್ನು ಕದ್ದದ್ದು ತಪ್ಪೇ, ಕವಿ ಅದನ್ನು ಮುಚ್ಚುವುದಿಲ್ಲ. ಆಮೇಲೆ ರಾವಣನ ಮನಸ್ಸು ತಿರುಗುತ್ತದೆ, ಸೀತೆಯನ್ನು ಹಿಂದಕ್ಕೆ ಕೊಡಬೇಕು ಅನಿಸುತ್ತದೆ. ಆದರೆ ಈಗಲೇ ಕೊಟ್ಟರೆ ಹೆದರಿದ ಅಂತಾರೆ, ಯುದ್ಧದಲ್ಲಿ ಗೆದ್ದು ಆಮೇಲೆ ಕೊಡುತ್ತೇನೆ ಅಂದುಕೊಳ್ಳುತ್ತಾನೆ. ಆ ಒಂದು ಹಟಕ್ಕೆ ಸಾಯುತ್ತಾನೆ. ಇದನ್ನು ಓದಿದಾಗೆಲ್ಲ ನನ್ನ ಹೊಟ್ಟೆ ಕಿವುಚುತ್ತದೆ. ನಾಲ್ಕು ಜನ ಏನಂತಾರೋ ಅಂತ ಸರಿಯಾದದ್ದನ್ನು ನಾಳೆಗೆ ಹಾಕಿದ ದಿನಗಳು ನನಗೂ ಇವೆ. ಇದು ಸಪ್ಪೆ ಕಥೆಯಾ, ನೀವೇ ಹೇಳಿ. ಕೆಡುಕನ್ನು ರಕ್ತದಿಂದ ತೆಗೆದು ಮನುಷ್ಯ ಮಾಡುವ ಕೆಲಸದಲ್ಲಿ ಇಟ್ಟರೆ ಅದರ ಬಿಸಿ ಇನ್ನೂ ಜಾಸ್ತಿ ಆಗುತ್ತದೆ.

ನಿಮ್ಮ ಗೆಳತಿಯ ಸಲಹೆಯಲ್ಲಿ ಈ ಬಿಸಿ ಇಲ್ಲ. ಎಲ್ಲರಿಗೂ ಚಮಚದಲ್ಲಿ ಅಳೆದು ಒಳ್ಳೇದು ಕೆಟ್ಟದ್ದು ಹಾಕಿದರೆ ಯಾರ ಮೇಲೂ ಸಿಟ್ಟು ಬರುವುದಿಲ್ಲ. ಮಗುವನ್ನು ಕೊಂದದ್ದು ಕೆಟ್ಟದ್ದು. ಅದನ್ನು ಕೆಟ್ಟದ್ದು ಅಂತಲೇ ಬರೆಯಿರಿ.

ಇನ್ನೊಂದು ಮಾತು. ನಿಮ್ಮ ದೀಪದವರು ನೆರೆ, ರೋಗ, ಕಾಡುಮೃಗ, ಕೊಲೆ, ಎಲ್ಲವನ್ನೂ "ಕತ್ತಲು" ಅನ್ನುತ್ತಾರೆ. ಅವರು ಅನ್ನಲಿ, ಆದರೆ ನೀವು ಅದನ್ನು ನಂಬಬೇಡಿ. ದಸರೆಯಲ್ಲಿ 8 ಸಲ ಚಿನ್ನದ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ನಮ್ಮ ಸಕಲೇಶಪುರ ತಾಲ್ಲೂಕಿನಲ್ಲೇ ಸತ್ತ. ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಕಾಡಾನೆಯೊಂದರ ಜೊತೆ ಕಾದಾಡಿ ಹೋದ. ಸುದ್ದಿ ಕೇಳಿ ನಾನು ಅತ್ತೆ. ಆದರೂ ಆ ಕಾಡಾನೆಯನ್ನು ಕೆಟ್ಟದ್ದು ಅನ್ನಲು ಬಾಯಿ ಬರಲಿಲ್ಲ. ರಾತ್ರಿ ಗದ್ದೆ ತುಳಿದ ಆನೆಯನ್ನು ಬಾಯ್ತುಂಬ ಬೈದು, ಬೆಳಿಗ್ಗೆ ಅದರ ಹೆಜ್ಜೆಗೆ ಗಣಪತಿ ಅಂತ ಕೈ ಮುಗಿದವರನ್ನು ಆಲೂರಿನ ಕಡೆ ನೋಡಿದ್ದೇನೆ. ಅವರ ನಷ್ಟ ಸಣ್ಣದಲ್ಲ. ಆದರೂ ನೋವು ಬೇರೆ, ಕೆಡುಕು ಬೇರೆ ಅನ್ನುವುದು ಅವರಿಗೆ ಗೊತ್ತಿದೆ. ನಿಮ್ಮ ಗುಡ್ಡದ ಮೇಲೆ ಅಂಥ ಒಬ್ಬರಾದರೂ ಇರಲಿ. ಬೆಂಕಿ ಕೊಡದ ಆ ಹೆಂಗಸೇ ಆದರೂ ಆಗಬಹುದು. ಹಬ್ಬದ ರಾತ್ರಿ ಆಕೆ ಒಬ್ಬಳೇ ಉರುಳಿನ ಹತ್ತಿರ ಹೋಗಲಿ.

ಮಳೆಗಾಲ ಕಳೆಯುವುದರೊಳಗೆ ಮೂರನೇ ಅಧ್ಯಾಯ ತಿದ್ದಿ ಕಳಿಸಿ. ನಾನೇ ಓದುತ್ತೇನೆ. ರೊಟ್ಟಿ ಕಟ್ಟಿಕೊಟ್ಟವರು ಯಾರು ಅಂತ ನನಗೆ ಗೊತ್ತಾಗಬೇಕು.

ಸಂಪಾದಕ, ಹಾಸನ